ಎಳೆಯ ತುದಿ

ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ
ನನ್ನ ಅಂಗಡಿ. ಆರಡಿ ಅಗಲ, ಒಂದು ಟೇಬಲ್ಲು, ಎರಡು ಸ್ಟೂಲು,
ಮೊಳೆ ಹೊಡೆದು ತೂಗುಹಾಕಿದ ರೌಟರು.
ನೂಲು ಬಿಚ್ಚುವ ಬಿಸಿನೀರಿನ ವಾಸನೆ
ಶಿಡ್ಲಘಟ್ಟದಲ್ಲಿ ಹುಟ್ಟಿದವರ ಮೂಗಿಗೆ ತಾಗುವುದೇ ಇಲ್ಲ.

ಜಿಯಾವುಲ್ಲಾ ಸಾಬರು ಲ್ಯಾಪ್‌ಟಾಪನ್ನು
ಟವೆಲಿನಲ್ಲಿ ಸುತ್ತಿ ತಂದರು, ಜ್ವರದ ಮಗುವನ್ನು ತರುವಂತೆ.
"ಸುಡ್ತೈತೆ ಕಣಪ್ಪಾ,
ಹರಾಜಿನ ರೇಟು ನೋಡೋ ಹೊತ್ಗೇ ಕಣ್ಣು ಮುಚ್ತೈತೆ."

ಬೋರಲು ಮಲಗಿಸಿದೆ. ಹನ್ನೊಂದು ಸ್ಕ್ರೂ,
ಅದರಲ್ಲೊಂದು ಉದ್ದ; ಅದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ
ಬೋರ್ಡಿನ ಬೆನ್ನೇ ಬಿರಿಯುತ್ತದೆ. ಕಲಿತದ್ದು ಹಾಗೆಯೇ,
ಒಬ್ಬ ಮೇಷ್ಟರ ಮಷೀನು ಕೆಡಿಸಿ.
ಟೀ ಸಾಸರಿನಲ್ಲಿಟ್ಟೆ, ಬಿಚ್ಚಿದ ಕ್ರಮದಲ್ಲೇ.

ಮೊದಲು ಬ್ಯಾಟರಿಯ ಬಾಯಿ ಕಳಚಬೇಕು,
ಆಮೇಲೆ ಉಳಿದ ಮಾತು. ಕೆಂಡಕ್ಕಿಟ್ಟ ಚಪಾತಿಯಂತೆ ಉಬ್ಬಿತ್ತು;
ಚುಚ್ಚಬಾರದು, ಒತ್ತಬಾರದು, ಮೆಲ್ಲಗೆ ಎತ್ತಿ ಮರಳಿನ ಡಬ್ಬಿಗೆ.
ಫ್ಯಾನಿನ ರೆಕ್ಕೆಗಳ ನಡುವೆ ಬೆರಳು ದಪ್ಪದ ರೇಷ್ಮೆನಾರು,
ವರ್ಷಗಳಿಂದ ತಾನೇ ಸುತ್ತಿಕೊಂಡದ್ದು.
ಚಿಮಟದಿಂದ ಎಳೆದೆ, ಬಂತು, ಬರುತ್ತಲೇ ಹೋಯಿತು.
"ಇದ್ಕೂ ರೇಟು ಕಟ್ಟುಸ್ಲಾ?" ಅಂದರು ಸಾಬರು.

ಕರಿದೊಂದು, ಬಿಳಿದೊಂದು, ಸಪೂರ ವೈರುಗಳು
ವೈ-ಫೈ ಚಿಪ್ಪಿನಿಂದ ಹೊರಟು, ಕೀಲಿನ ಸಂದಿಯಲ್ಲಿ ತೂರಿ
ಪರದೆಯ ನೆತ್ತಿಗೆ ಏರುತ್ತವೆ. ಜನಕ್ಕೆ ಗೊತ್ತಿಲ್ಲ,
ಮಷೀನಿನ ಕಿವಿಗಳಿರುವುದು ಅಲ್ಲಿ.

ಕರಿಯದನ್ನು ಒತ್ತಿ ಕೂರಿಸುವಾಗ
ಬೋರ್ಡಿನ ಮೂಲೆಯಲ್ಲೊಂದು ಬೆಸುಗೆ ಕಂಡಿತು, ಒರಟು, ಸೊಟ್ಟ.
ನನ್ನದೇ ಕೈ.
ನಾಲ್ಕು ವರ್ಷದ ಹಿಂದೆ ನಾನೇ ಮಾರಿದ್ದು,
ಚಿಂತಾಮಣಿ ಬಸ್ಸು ಹತ್ತುವ ಅವಸರದಲ್ಲಿದ್ದ ಯಾರಿಗೋ.
ಅವರಿಂದ ಇನ್ಯಾರಿಗೋ, ಅಲ್ಲಿಂದ ಇವರಿಗೆ.

ಮುಚ್ಚಿ ಗುಂಡಿ ಒತ್ತಿದೆ. ಕೇಳಲಿಲ್ಲ, ತಡೆಯಲಿಲ್ಲ,
ಸಂಜೆಯ ಹಸು ಕೊಟ್ಟಿಗೆಗೆ ಬಂದಂತೆ
ಸೀದಾ ನನ್ನ ನೆಟ್‌ವರ್ಕಿಗೆ ನುಗ್ಗಿತು.
ಮಾರಿದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.
ಡಿಸ್ಕು ಅಳಿಸದೆ ಕೊಟ್ಟವನು ನಾನು,
ನಾಲ್ಕು ವರ್ಷ ಅದೇ ಪಾಸ್‌ವರ್ಡು ಇಟ್ಟುಕೊಂಡವನೂ ನಾನು,
ಊರಿಗೆಲ್ಲ ಬೀಗದ ಬುದ್ಧಿ ಹೇಳುವವನು.

ರಾತ್ರಿ ಷಟರು ಅರ್ಧ ಎಳೆದು ರೌಟರಿನ ಪಟ್ಟಿ ತೆಗೆದೆ.
ನನ್ನ ಫೋನು, ಪ್ರಿಂಟರು, ಮತ್ತೆ
ಒಂಬತ್ತು ಹೆಸರು. ಒಂದೂ ನನ್ನದಲ್ಲ.
ಹೊಸ ಪಾಸ್‌ವರ್ಡು ಇಟ್ಟೆ.
ಗಾಳಿಯಲ್ಲಿ ಹೋಗುವ ಮಾತೆಲ್ಲ ಸುತ್ತಿಕೊಂಡೇ ಹೋಗುತ್ತದೆ, ಗೂಡಿನ ಹಾಗೆ.
ಸಾವಿರ ಮೀಟರಿನ ಒಂದೇ ಎಳೆ; ಕೈಗೆ ಸಿಕ್ಕರೂ
ತುದಿ ಸಿಗದವನಿಗೆ ಬರೀ ಉಂಡೆ.
ತುದಿ ಯಾರಿಗೂ ಕೊಡಬಾರದು. ಅಷ್ಟೇ ಸಂಗತಿ.

ಬೆಳಿಗ್ಗೆ ಸಾಲು. ಒಬ್ಬರಿಗೂ ನಾಚಿಕೆಯಿಲ್ಲ.
ಟೀ ಅಂಗಡಿ ಪಿಳ್ಳಪ್ಪ: "ರಾತ್ರಿಯಿಂದ ನೆಟ್ ಬರ್ತಿಲ್ಲ, ಸ್ವಲ್ಪ ನೋಡಪ್ಪಾ."
ಮಹಡಿಯ ಟೈಲರು. ತಕ್ಕಡಿಯ ಮುನಿರೆಡ್ಡಿ.
ನಾನು ಯಾವತ್ತೂ ನೋಡಿರದ ಒಬ್ಬರು, ಸಿಟ್ಟಿನಲ್ಲಿ.
ಕದ್ದ ನೀರು ನಿಂತಿತೆಂದು
ನಲ್ಲಿಯ ಯಜಮಾನನನ್ನೇ ಬೈದರು.

ಸಂಜೆ ಎದುರುಮನೆಯ ಜಬೀನಾ ಬಂದಳು.
ಪಿಯುಸಿ ಓದುತ್ತಾಳೆ; ಅವಳ ತಾಯಿ
ಕುದಿವ ಬಾಣಲೆಯ ಮುಂದೆ ಕೂತು
ದಿನಕ್ಕೆ ಎಷ್ಟು ಗೂಡುಗಳ ತುದಿ ಹುಡುಕುತ್ತಾಳೋ, ಲೆಕ್ಕವಿಲ್ಲ.
ಹುಡುಗಿ ಏನೂ ಬೇಡಲಿಲ್ಲ.
"ಅಣ್ಣಾ, ನಿಮ್ಮ ಹೊಸದೂ ಸುಲಭ," ಅಂದಳು.
"ಬೋರ್ಡಿನ ಮೇಲಿರೋ ಅಂಗಡಿ ಹೆಸರು, ಮುಂದೆ ಸ್ಕೂಟರಿನ ನಂಬರು.
ಮೂರನೇ ಸಲಕ್ಕೆ ಸಿಕ್ತು."

ನಾನು ಮಾತಾಡಲಿಲ್ಲ. ಟೇಬಲ್ಲಿನ ಮೇಲೆ ಇನ್ನೊಂದು ಮಷೀನು
ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.
ಸ್ಟೂಲನ್ನು ಕಾಲಿನಿಂದ ಅವಳ ಕಡೆ ಸರಿಸಿದೆ.
ಟಾರ್ಚು ಕೊಟ್ಟೆ.
"ಇಲ್ಲಿ ಹಿಡಿ. ಸಾಸರು ಅಲ್ಲಾಡಿಸ್ಬೇಡ,
ಉದ್ದದ್ದು ಒಂದೈತೆ."