ಮೂವತ್ತೇಳನೆಯದು

ಮುಂಡ್ಕೂರಿನ ಮನೆಯ ಹಿಂಬದಿ, ಮೊದಲು ಭತ್ತ ಇಡುತ್ತಿದ್ದ ಕೋಣೆ.
ಈಗ ಅಲ್ಲಿ ಹಲಸಿನ ಹಲಗೆಯ ಮೇಜು,
ಅದಕ್ಕೆ ಬಿಗಿದ ಕೈಯೊತ್ತಿನ ಯಂತ್ರ,
ಬೆಳ್ಮಣ್ಣಿನ ಅಕ್ಕಸಾಲಿ ಅಂಗಡಿ ಮುಚ್ಚುವಾಗ ಮಾರಿಹೋದ ತಕ್ಕಡಿ,
ಮೊಳೆಗೆ ನೇತುಹಾಕಿದ ಲೈಸೆನ್ಸಿನ ಪುಸ್ತಕ.

"ಒಳಗೆ ಬರುವುದಾದರೆ ಬಾಯಿ ಹೊರಗಿಟ್ಟು ಬಾ ಮಾರಾಯ್ತಿ"
ಎನ್ನುವರು ದೂಮಪ್ಪ ಮಾಮ.
ಎಲೆಯಡಿಕೆ ಉಗುಳಿ, ಬಾವಿಕಟ್ಟೆಯಲ್ಲಿ ಬಾಯಿ ತೊಳೆದು,
ಬೀಡಿ ಕಟ್ಟನ್ನು ಅಲ್ಲೇ ಬಿಟ್ಟು,
ಫ್ಯಾನು ನಿಲ್ಲಿಸಿ
(ಗಾಳಿಗೆ ತಕ್ಕಡಿ ಸುಳ್ಳು ಹೇಳುತ್ತದೆ)
ಬೆವರುತ್ತ ಕೂತರೆ,
ಫೌಜಿನಲ್ಲಿ ಇಪ್ಪತ್ತೆರಡು ವರ್ಷ
ಬೇರೆಯವರ ಬಂದೂಕು ಬಿಚ್ಚಿ ಜೋಡಿಸಿದ ಕೈ
ತನ್ನ ಒಂದೇ ಒಂದು ರೈಫಲಿಗೆ ಅಡುಗೆ ಮಾಡುವುದು.

ಹುಣಸೆಹುಳಿಯಲ್ಲಿ ನಾನೇ ಬೆಳಗಿದ ಹಿತ್ತಾಳೆ ಚಿಪ್ಪುಗಳು
ಮಣೆಯ ಕುಳಿಗಳಲ್ಲಿ ಐವತ್ತು,
ಮಗ್ಗಿ ಹೇಳುವ ಮಕ್ಕಳ ಹಾಗೆ ಬಾಯ್ದೆರೆದು.
ಕತ್ತಿನಲ್ಲಿ ಕೂದಲೆಳೆಯ ಬಿರುಕು ಕಂಡರೆ
ಇಕ್ಕಳದಲ್ಲಿ ಹಿಸುಕಿ ಗುಜರಿಗೆ.
"ಪಾಪ ಅಂತ ಇಟ್ಟುಕೊಳ್ಳಲಿಕ್ಕೆ ಇದೆಂತ ಬೆಕ್ಕಾ?"

ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ.
ಎರಡನೆಯದಿದ್ದರೆ ಅದು ಬೀಗದೊಳಗೆ.
ತಕ್ಕಡಿಯ ಮುಳ್ಳು ನಿಲ್ಲುವವರೆಗೆ
ಅವರು ಉಸಿರು ಬಿಡರು, ನಾನೂ ಬಿಡೆ.
ಎಲ್ಲ ಮುಗಿದ ಮೇಲೆ ಟಾರ್ಚು ಹಿಡಿದು
ಒಂದೊಂದರ ಗಂಟಲು ಇಣುಕುವರು.
"ಹಸಿದದ್ದೂ ಕೊಲ್ಲುತ್ತದೆ,
ಎರಡು ಸಲ ಉಂಡದ್ದೂ."

ಆ ಶನಿವಾರ ಮೂವತ್ತೇಳಕ್ಕೆ ಬಂದಾಗ
ಚಾವಡಿಯಲ್ಲಿ ಫೋನು.
ಯಾರೂ ಎತ್ತಲಿಲ್ಲ. ಮತ್ತೆ ಫೋನು.
ಡಬ್ಬಿಗೆ ಮುಚ್ಚಳ ಹಾಕಿ ಎದ್ದು ಹೋದರು.
ಹಲೋ ಎಂದದ್ದು ಕೇಳಿತು.
ಆಮೇಲೆ ಬರೀ ಹೂಂ.
ಹೂಂ.

ಬಂದು ಕೂತರು. ಮಣೆ ನೋಡಿದರು.
ಎಲ್ಲಿಗೆ ನಿಂತದ್ದೆಂದು ನನಗೆ ಗೊತ್ತಿತ್ತು, ಹೇಳಿದೆ:
ಮಾಮ, ಮೂವತ್ತೆಂಟರಿಂದ.
ಅವರು ಒಂದನ್ನೆತ್ತಿ ಮದ್ದನ್ನು ಡಬ್ಬಿಗೆ ವಾಪಸು ಸುರಿದರು,
ಮತ್ತೊಂದು, ಮತ್ತೊಂದು,
ಮೂವತ್ತೇಳೂ.
ಬೆರಳಲ್ಲಿ ಬಡಿದು, ಬೆಳಕು ಬಿಟ್ಟು,
ಒಂದು ಕಾಳೂ ಅಂಟಿ ಉಳಿಯದ ಹಾಗೆ.
ಡಬ್ಬಿ ಬೀಗದೊಳಗೆ, ಬೀಗದಕೈ ಸೊಂಟಕ್ಕೆ.
ಫ್ಯಾನು ಹಾಕಿದರು.

"ಅಮ್ಮ ಎಲ್ಲಿ, ಹಟ್ಟಿಯಲ್ಲಾ?
ಕರೆಯಬೇಡ. ನಾನೇ ಹೋಗುತ್ತೇನೆ."

ಬೊಂಬಾಯಿಯಲ್ಲಿ ಕ್ಯಾಂಟೀನು ಇಟ್ಟ ಸಣ್ಣ ಮಾಮ,
ಅಮ್ಮನಿಗೆ ಪ್ರತಿ ದೀಪಾವಳಿಗೂ ಸೀರೆ ಕಳಿಸಿ
ಬಣ್ಣ ಮಾತ್ರ ಯಾವಾಗಲೂ ತಪ್ಪುತ್ತಿದ್ದವ.

ಈಗ ತಕ್ಕಡಿ ನನ್ನ ಪಾಲಿಗೆ ಬಂದಿದೆ.
ರೈಫಲು ಠಾಣೆಯಲ್ಲಿ ಒಂದು ರಸೀದಿಯಾಗಿ ಕೂತಿದೆ.
ಅರ್ಜಿಯಲ್ಲಿ ಕೇಳಿದ್ದಾರೆ, ತಮಗೆ ಅನುಭವ ಉಂಟೋ ಎಂದು.
ಎಂತ ಬರೆಯುವುದು?

ಕಂಡದ್ದು ಇಷ್ಟೇ: ಹಟ್ಟಿಗೆ ಹೋಗುವ ದಾರಿಯಲ್ಲಿ
ಬಾವಿಕಟ್ಟೆಯ ಹತ್ತಿರ ನಿಂತು,
ಬಾಯಲ್ಲಿ ಎಲೆಯಡಿಕೆ ಇಲ್ಲದಿದ್ದರೂ
ಅವರು ಇನ್ನೊಮ್ಮೆ ಬಾಯಿ ತೊಳೆದುಕೊಂಡರು.