ಗಿಣ್ಣು, ಮೂರನೇ ಷೆಲ್ಫಿನಲ್ಲಿ

ಮಂಡ್ಯದ ಆಸ್ಪತ್ರೆ ರಸ್ತೆ. ಕಬ್ಬಿನ ಲಾರಿ ಹೋದಾಗಲೆಲ್ಲ
ಗಾಜಿನ ಬೀರುವಿನೊಳಗೆ ಸಿರಪ್ಪಿನ ಬಾಟಲಿಗಳು
ಹಲ್ಲು ಕಡಿಯುವ ಅಂಗಡಿ ನಮ್ಮದು.
ನಮ್ಮದು ಅಂದರೆ ಮಾಲೀಕರದು;
ಗೋಡೆಯ ಚೌಕಟ್ಟಿನಲ್ಲಿ ತೂಗುವ ಲೈಸೆನ್ಸು ಮಾತ್ರ ನನ್ನ ಹೆಸರಿನದು.

ಮೂರನೇ ಷೆಲ್ಫಿನಲ್ಲಿ ಡಬ್ಬಗಳು:
ಹಾಲೊಡೆದ ತಿಳಿನೀರನ್ನು ಒಣಗಿಸಿ ಚಾಕಲೇಟು ಬೆರೆಸಿದ್ದು,
ಹೆಸರು ಓದುವಷ್ಟರಲ್ಲಿ ನಾಲಿಗೆ ತಿರುಚುವ ಇನ್ನೊಂದು,
ಅದರ ಪಕ್ಕ, ಹಸಿರು ಬೆಟ್ಟದ ಕೆಳಗೆ ನಗುವ ಹಸು.
ಯಾವ ಸೀಮೆಯದೋ; ನಮ್ಮ ಕಡೆ ಹಸುಗಳು ಹಾಗೆ ನಗುವುದಿಲ್ಲ.
ಅರವತ್ತು ಮಾತ್ರೆ. ಸಾವಿರದ ಎಂಟುನೂರ ನಲವತ್ತು.
ಡೆಂಗಿ ಶುರುವಾದರೆ ಚೆನ್ನಾಗಿ ಹೋಗುತ್ತದೆ.

ಗಂಡನ ಸಕ್ಕರೆ ಮಾತ್ರೆಗೆ ತಿಂಗಳಿಗೊಮ್ಮೆ ಬರುವ
ಹೊಳಲಿನ ಸಣ್ಣತಾಯಮ್ಮ
ಚೀಟಿ ಕೊಡುವುದು ಮರೆತು ಕೇಳಿದಳು:
"ಅದೇನವ್ವ ಅದು, ಹಸ ಇರೋದು?"
"ಶಕ್ತಿಗೆ. ರೋಗ ಬರದ ಹಾಗೆ." ಕಂಪನಿಯವರು ಕಲಿಸಿದ ಮಾತು.
"ಒಳಗೇನದೆ?"
"ಗಿಣ್ಣು ಹಾಲಿನ ಪುಡಿ."

ಅವಳು ನಕ್ಕ ನಗೆಗೆ
ಕೆಮ್ಮಿನ ಔಷಧಿಗೆ ನಿಂತಿದ್ದ ಹುಡುಗ ಕೆಮ್ಮುವುದು ಬಿಟ್ಟ.
"ಗಿಣ್ಣ ಮಾರಾಕಿಲ್ಲ ಕಣವ್ವ ಯಾರೂವೆ.
ಡೈರಿಗೆ ಉಯ್ಯಂಗಿಲ್ಲ, ದುಡ್ಡು ಮುಟ್ಟಂಗಿಲ್ಲ.
ಕರ ಕುಡ್ದು ಮಿಕ್ಕುದ್ದ ಬೀದಿಗೆಲ್ಲ ಹಂಚೋದು."
ಆಮೇಲೆ ನಗು ನಿಲ್ಲಿಸಿ, ಡಬ್ಬವನ್ನು ಕಿವಿಗಿಟ್ಟು ಅಲುಗಿಸಿ:
"ಇದ್ರ ಕರ ಏನ್ ಕುಡೀತು?"

ಡಬ್ಬದ ಮೇಲೆ ಬ್ಯಾಚ್ ನಂಬರಿತ್ತು,
ತಯಾರಾದ ತಿಂಗಳು, ಸಾಯುವ ತಿಂಗಳು,
ತಂಪಾದ ಒಣ ಜಾಗದಲ್ಲಿಡಿ ಎಂಬುದೂ ಇತ್ತು.
ಕರುವಿನ ಸುದ್ದಿ ಇರಲಿಲ್ಲ.

ನನಗೆ ಗೊತ್ತಿದ್ದುದು ಬೇರೆ, ಪರೀಕ್ಷೆಗೆಂದು ಓದಿದ್ದು:
ಕರು ಬರಿಗೈಯಲ್ಲಿ ಹುಟ್ಟುತ್ತದೆ.
ತಾಯಿ ಕಂಡುಂಡ ಕಾಯಿಲೆಗಳ ನೆನಪೆಲ್ಲ
ಆ ಹಳದಿ ಗಟ್ಟಿ ಹಾಲಲ್ಲಿ ಕರಗಿ ಬರುತ್ತದೆ.
ಒಂದು ಹಗಲು, ಒಂದು ಇರುಳು
ಕರುಳಿನ ಬಾಗಿಲು ತೆರೆದಿರುತ್ತದೆ; ಆಮೇಲೆ ಮುಚ್ಚುತ್ತದೆ.
ನಮ್ಮ ಬಾಗಿಲಿಗೆ ಅಗುಳಿ ಬಿದ್ದು ಎಷ್ಟು ವರ್ಷವಾಯಿತೋ,
ಅರವತ್ತು ಮಾತ್ರೆ ಹೊರಗೆ ನಿಂತು ತಟ್ಟುತ್ತವೆ.

ಇದನ್ನು ಗಿರಾಕಿಗೆ ಹೇಳುವಂತಿಲ್ಲ.
ನನಗೆ ನಾನೂ ಹೇಳಿಕೊಂಡಿರಲಿಲ್ಲ:
ಆಷಾಢದಲ್ಲಿ ಮಗಳ ಪ್ಲೇಟ್‌ಲೆಟ್ಟು
ನಲವತ್ತೆರಡು ಸಾವಿರಕ್ಕಿಳಿದು ಮೆಲ್ಲಗೆ ಮೇಲೆದ್ದ ವಾರ
ಸಂಬಳದಲ್ಲಿ ಮುರಿಸಿಕೊಂಡು ಇದೇ ಡಬ್ಬ ಒಯ್ದವಳು ನಾನು.
ತಟ್ಟಲಿ ಅಂದುಕೊಂಡೆ. ಯಾರಾದರೂ ತಟ್ಟುತ್ತಿರಲಿ.

ಎಂಟು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಬಂದಳು.
ಮಾತ್ರೆ ಮುಗಿಯುವ ದಿನವಲ್ಲ.
ಸೆರಗಿನೊಳಗಿಂದ ಸ್ಟೀಲಿನ ಡಬ್ಬಿ,
ಬಾಯಿಗೆ ಬಟ್ಟೆ ಬಿಗಿದದ್ದು.
"ನೆನ್ನೆ ಈದ್ಲು ಕೆಂಪಿ. ಹೆಣ್ಗರ.
ಅದು ಸಾಕು ಅಂತ ಮೊಕ ತಿರುಗ್ಸಿದ್ ಮ್ಯಾಲೇ ಕರ್ದಿದ್ದು.
ಬೆಲ್ಲ ಏಲಕ್ಕಿ ಹಾಕಿ ಹಬೇಲಿ ಬೇಯ್ಸು."
ಕೌಂಟರಿನ ಮೇಲೆ ಬಿಲ್ಲಿಲ್ಲದ ಒಂದೇ ವಸ್ತು.

ರಾತ್ರಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಚೌಕ ಕೊಯ್ದೆ.
ಮಗಳು ತುಂಡಿನ ನೆತ್ತಿಯನ್ನು ಬೆರಳಲ್ಲಿ ತಟ್ಟಿ
ಅದು ನಡುಗುವುದನ್ನು ನೋಡಿ, ಮತ್ತೆ ತಟ್ಟಿ,
ಮೂರು ತುಂಡು ತಿಂದಳು.
ರೋಗಕ್ಕಾಯಿತೋ ಇಲ್ಲವೋ, ಬರೆದುಕೊಡಲಾರೆ.
ಮಿಕ್ಕಿದ್ದು ಕೆಳಮನೆಯ ನಸ್ರೀನಳ ತಟ್ಟೆಗೆ,
ಅಲ್ಲಿಂದ ಅವಳ ಅತ್ತೆಗೆ. ಅದರಾಚೆ ನನಗೆ ತಿಳಿಯದು.

ಪಾತ್ರೆ ಬರಿದಾಗಿ ಹಿಂದಿರುಗಬಾರದು, ನಮ್ಮವ್ವ ಹೇಳುತ್ತಿದ್ದಳು.
ತೊಳೆದ ಡಬ್ಬಿ ಅಂಗಡಿಯಲ್ಲೇ ಇತ್ತು, ಅವಳು ಬಂದು ನಿಂತಾಗ.
ಇಲ್ಲಿ ಬೆಲ್ಲವೆಲ್ಲಿ, ಅಕ್ಕಿಯೆಲ್ಲಿ?
ಹತ್ತಿ, ಅಯೋಡಿನ್ನು, ಥರ್ಮಾಮೀಟರು.
ಮೂರನೇ ಷೆಲ್ಫಿನವರೆಗೆ ಕೈ ಹೋಯಿತು, ಹಿಂದೆ ಬಂತು.
ಕೊನೆಗೆ ಎರಡು ಚಮಚ ಗ್ಲೂಕೋಸು.

ಮುಚ್ಚಳ ತೆಗೆದಳು, ಅಂಗೈಗೆ ಸುರಿದುಕೊಂಡು ನೆಕ್ಕಿದಳು.
"ತಣ್ಣಗದೆ," ಅಂದಳು.
ತುಟಿಯ ಬಿಳಿ ಒರೆಸದೆಯೇ, ತಗ್ಗಿದ ದನಿಯಲ್ಲಿ
"ನಮ್ಮೋರ್ಗೆ ಹೇಳ್ಬ್ಯಾಡ" ಎನ್ನುತ್ತ
ಸಕ್ಕರೆ ಕಾಯಿಲೆಯ ಚೀಟಿಯನ್ನು ನನ್ನ ಕಡೆ ತಳ್ಳಿದಳು.