ಅರವತ್ತನೆಯ ದಿನ

ಕಲಂ ನಾಲ್ಕು, ಉಪಕಲಂ ಎರಡು:
"ಅರವತ್ತು ದಿನ ಒಂದು ಮಾತೂ ಆಡದ ಪ್ರಜೆ
ಪ್ರಜೆಯಾಗಿ ಉಳಿಯತಕ್ಕದ್ದಲ್ಲ."
ಬರೆದವಳು ನಾನೇ, ಮೂರು ವರ್ಷದ ಹಿಂದೆ,
ನಾರ್ವಾದ ಆಸ್ಪತ್ರೆಯ ಲಾಂಡ್ರಿಯಲ್ಲಿ,
ರಾತ್ರಿ ಪಾಳಿಯ ಚಾದರ ಒಣಗುವ ನಲವತ್ತು ನಿಮಿಷದಲ್ಲಿ,
ಫೋನಿನ ಮೇಲೆ, ಹೆಬ್ಬೆರಳಲ್ಲಿ.

ಆಗ ನಮ್ಮ ವೆಲ್ಮೊರಾ ಹೊಸ ದೇಶ.
ಪಟ್ಟಿಯಲ್ಲಿ ಸಾವಿರದಿನ್ನೂರು ಜನ,
ಒಂಬೈನೂರು ದೆವ್ವಗಳು:
ಒಂದು ಸಂಜೆ ಬಂದು, ಬಾವುಟಕ್ಕೆ ಬಣ್ಣ ಆರಿಸಿ,
ತೆರಿಗೆ ಕಂಡೊಡನೆ ಮಾಯವಾದವರು.
ಗಣತಿ ಸರಿಹೋಗಲಿ ಎಂದು ಬರೆದ ಸಾಲು ಅದು.
ಕಸ ಗುಡಿಸುವಾಗ ಯಾರೂ
ಪೊರಕೆಗೆ ವ್ಯಾಖ್ಯಾನ ಬರೆಯುವುದಿಲ್ಲ.

ಈಗ ಅದೇ ಸಾಲು
ನನ್ನೆದುರು ಕಟಕಟೆಯಲ್ಲಿ ನಿಂತಿದೆ.

ಅರ್ಜಿದಾರ ಲಫಾಯೆಲೆ, ಊರು ಪಾಗೋ ಪಾಗೋ,
ಟ್ಯೂನಾ ಮೀನನ್ನು ಡಬ್ಬಿಗೆ ತುಂಬುವ ಕೆಲಸ.
ಐವತ್ತೊಂಬತ್ತು ದಿನ ಮೌನ.
ಅಮ್ಮನಿಗೆ ಹುಷಾರಿರಲಿಲ್ಲ ಎಂದಷ್ಟೇ ಬರೆದಿದ್ದಾನೆ.
ಅರವತ್ತನೆಯ ದಿನ ಸಂಜೆ ಏಳಕ್ಕೆ ಬಂದು
ಖಜಾನೆ ಮಂತ್ರಿಗೆ ಒಂದು ಮತ ಹಾಕಿ ಹೋದ.
ಮಂತ್ರಿ ಗೆದ್ದದ್ದು ಒಂದೇ ಮತದಿಂದ.

ಸಂಜೆ ಏಳು ಅವನಿಗೆ.
ಸರ್ವರಿನ ಗಡಿಯಾರಕ್ಕೆ ಮರುದಿನ ಬೆಳಗಿನ ಆರು.
ನನಗೆ ಎಂಟು; ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ.

ಸರ್ಕಾರಿ ವಕೀಲ ಜೆಮೊವಿತ್, ವ್ರೋತ್ಸ್ವಾಫ್‌ನ ಹುಡುಗ,
ಹದಿನೇಳು ವರ್ಷ, ನಾಳೆ ರಸಾಯನಶಾಸ್ತ್ರದ ಪರೀಕ್ಷೆ.
ಆದರೂ ಹನ್ನೊಂದು ಪುಟದ ವಾದ,
ಪುಟಕ್ಕೊಂದು ಲ್ಯಾಟಿನ್ ಮಾತು, ಒಗ್ಗರಣೆಯ ಹಾಗೆ.
"ಕಾನೂನಿಗೆ ಒಂದೇ ಗಡಿಯಾರ, ಮಾನ್ಯರೇ.
ಇಲ್ಲದಿದ್ದರೆ ತಲೆಗೊಂದು ದೇಶ."
ತಪ್ಪೇನಿಲ್ಲ. ಬೆನ್ನು ತಟ್ಟಬೇಕೆನಿಸಿತು.
ಮುಂದೆ ಹೇಳುತ್ತಾನೆ:
ಕರಡು ಬರೆದವರ ಉದ್ದೇಶ ನೋಡತಕ್ಕದ್ದು.
ನೋಡಿದೆ.
ಅವಳಿಗೆ ನಿದ್ದೆ ಬರುತ್ತಿತ್ತು.

ತಕ್ಕದ್ದು ಎಂದು ಬರೆಯುವುದು ಸುಲಭ.
ಯಾರಿಗೆ ತಕ್ಕದ್ದು ಎಂದು ಕೇಳಿದ ಮೇಲೇ ತೊಡಕು.

ನನ್ನ ಅಡುಗೆಮನೆಯ ಕಿಟಕಿಗೆ ನದಿ ಕಾಣುತ್ತದೆ,
ಆಚೆ ದಡದಲ್ಲಿ ಇವಾನ್‌ಗೊರೋದ್ ಕೋಟೆ,
ಕೋಟೆಯ ಹಿಂದೆ ತಂಗಿ ತೈಸಿಯಾ.
ಚಳಿಗಾಲದಲ್ಲಿ ಅವಳು ನನಗಿಂತ ಒಂದು ಗಂಟೆ ಮುಂದೆ.
ಹೊಸ ವರ್ಷ ಅವಳಿಗೆ ಮೊದಲು ಬರುತ್ತದೆ,
ಫೋನ್ ಮಾಡುತ್ತಾಳೆ:
"ಹೆದರಬೇಡ ರಿಮ್ಮಾ, ಹೋಗಿ ನೋಡಿದೆ, ಎಲ್ಲ ಹಾಗೇ ಇದೆ."

ಡ್ರಾಯರಿನಲ್ಲಿ ನನ್ನ ಬೂದು ಪಾಸ್‌ಪೋರ್ಟ್.
ಹುಟ್ಟಿದ್ದು ಇದೇ ಊರಲ್ಲಿ;
ನೂಲಿನ ಗಿರಣಿಯಲ್ಲಿ ಮಗ್ಗದ ಸದ್ದಿನ ನಡುವೆ
ಹುಟ್ಟಿದ ದೇಶ ಮುಗಿದದ್ದು ಕೇಳಿಸಲಿಲ್ಲ.
ಭಾಷಾಪರೀಕ್ಷೆಗೆ ಎರಡು ಸಲ ಕೂತೆ,
ವಿಭಕ್ತಿಗಳು ಹದಿನಾಲ್ಕು,
ಒಂಬತ್ತನೆಯದರ ಹತ್ತಿರ ಉಸಿರು ಕಟ್ಟಿತು.
ಪೌರತ್ವ: ನಿರ್ಧಾರವಾಗಿಲ್ಲ.

ಲಫಾಯೆಲೆಯ ಪಾಸ್‌ಪೋರ್ಟಿನಲ್ಲೂ ಒಂದು ಸಾಲಿದೆಯಂತೆ,
ಒಮ್ಮೆ ಹೇಳಿದ್ದ:
ಈತ ಅಮೆರಿಕಕ್ಕೆ ಸೇರಿದವನು, ಅಮೆರಿಕದ ಪ್ರಜೆಯಲ್ಲ.
ಅದನ್ನು ಕಡತಕ್ಕೆ ಸೇರಿಸಲಿಲ್ಲ. ಸಾಕ್ಷ್ಯವಲ್ಲ.
ನನ್ನದನ್ನೂ ಸೇರಿಸಲಿಲ್ಲ.
ಸೇರಿಸಿದ್ದರೆ ಪೀಠ ಬಿಟ್ಟು ಏಳಬೇಕಿತ್ತೇನೋ.

ತೀರ್ಪು:
"ದಿನ ಎಂದರೇನೆಂದು ಈ ಕಾನೂನು ಎಲ್ಲೂ ಹೇಳಿಲ್ಲ.
ಹೇಳದಿದ್ದುದು ಬರೆದವಳ ತಪ್ಪು, ಬದುಕಿದವನದಲ್ಲ.
ಪ್ರಜೆಯ ದಿನ ಮುಗಿಯುವುದು ಅವನ ಊರಿನ ನಡುರಾತ್ರಿಗೆ.
ಮಾತಿಗೂ ಮತಕ್ಕೂ ಒಂದು ದೀರ್ಘದ ಅಂತರ, ಅಷ್ಟೆ.
ಮತ ಸಿಂಧು."

ಹತ್ತು ನಿಮಿಷವಾಗಿಲ್ಲ, ಜೆಮೊವಿತ್‌ನ ಪ್ರಶ್ನೆ:
"ಊರನ್ನೇ ಸುಳ್ಳು ಹೇಳಿದರೆ, ಮಾನ್ಯರೇ?
ಎರಡು ಊರಿದ್ದರೆ? ಊರೇ ಇಲ್ಲದಿದ್ದರೆ?"
ಮಲಗಪ್ಪಾ, ನಾಳೆ ಪರೀಕ್ಷೆ ಎಂದು ಬರೆದೆ.
ಒಳ್ಳೆಯ ಪ್ರಶ್ನೆ ಎಂದು ಬರೆಯಲಿಲ್ಲ.

ಇವತ್ತೂ ರಾತ್ರಿ ಪಾಳಿ.
ಯಂತ್ರದ ಗಾಜಿನೊಳಗೆ ಬಿಳಿ ಸುತ್ತುತ್ತಿದೆ.
ಕಲಂ ನಾಲ್ಕು, ಉಪಕಲಂ ಎರಡು, ತಿದ್ದುಪಡಿ ಒಂದು:
"ಊರು ಎಂದರೆ

ಗಂಟೆ ಹೊಡೆಯಿತು.
ಚಾದರಗಳು ಬೆಚ್ಚಗಿವೆ, ಮಡಿಸಬೇಕು.